ಹೂಜಿ ಗಿಡಕ್ಕೆ ಝಂಝಂ

ಕೊಲ್ಲಿ ದೇಶದ ಉಮ್ ಅಲ್ ಹಸ್ಸಮ್‌ನ ಆ ಹಳೆಯ ಫ್ಲ್ಯಾಟಿನಲ್ಲಿ ಹುಳ ಹಿಡಿಯುವ ಒಂದು ಹೂಜಿ ಗಿಡಕ್ಕಿದ್ದ ವೈಭೋಗ ಮನೆಯ ಯಜಮಾನ ಅಬೂಬಕರನಿಗೂ ಇರಲಿಲ್ಲ. ಅವನು ಅಸ್ಕರ್‌ನಲ್ಲಿ ಅಲ್ಯೂಮಿನಿಯಂ ಕುಲುಮೆಯ ಪಕ್ಕ ದಿನವಿಡೀ ಬೇಯುತ್ತಿದ್ದರೆ, ಗಿಡ ಮಾತ್ರ ಗಾಜಿನ ಬಾಗಿಲಿನ ಫ್ರಿಜ್ಜಿನೊಳಗೆ ದೀಪ ಹಾಕಿಸಿಕೊಂಡು ತಣ್ಣಗೆ ಕುಳಿತಿರುತ್ತಿತ್ತು. ಬೆಟ್ಟದ ತುದಿಯ ಮಂಜಿನಲ್ಲಿ ಬೆಳೆಯುವ ಜಾತಿಯಂತೆ; ರಾತ್ರಿ ಚಳಿ ಬೇಕು, ಮಳೆನೀರಿನಂಥ ಬರಿಯ ನೀರೇ ಬೇಕು. ಅದಕ್ಕೆಂದು ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿಯಬೇಕಿತ್ತು.

ಇದೆಲ್ಲ ಮಗಳು ಜುಮಾನಾಳ ಕಾರುಬಾರು. ಕೆಳಗಿನ ಕೋಲ್ಡ್ ಸ್ಟೋರ್ ಅಂಗಡಿಯವರು ಎಸೆಯಲಿದ್ದ ಜ್ಯೂಸಿನ ಫ್ರಿಜ್ಜನ್ನು ಕಾಡಿಬೇಡಿ ತಂದವಳು ಅವಳೇ. ಎಲೆಯ ತುದಿಯಲ್ಲಿ ಜೋತ ಹೊಸ ಹೂಜಿ ಮುಚ್ಚಳ ತೆರೆದ ದಿನ ಮನೆಯಲ್ಲಿ ಪಾಯಸ. ಮದುವೆಯಾಗಿ ಉಳ್ಳಾಲಕ್ಕೆ ಹೊರಟಾಗಲೂ, "ಉಮ್ಮಾ, ಹೂಜಿ ಬಿಟ್ರೆ ಹೇಳಿ, ನೋಡ್ಲಿಕ್ಕೆ ಬರ್ತೇನೆ" ಅಂದಿದ್ದಳು.

ತಾಯಿ ಮೈಮೂನ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರಜೆಯಲ್ಲಿ ಊರಿಗೆ ಹೋದಾಗ ಮಗಳನ್ನು ನೋಡುತ್ತಿದ್ದಳು, ನಿಜ. ಆದರೆ ಅಲ್ಲಿ ಜುಮಾನಾ ಇನ್ನೊಂದು ಮನೆಯ ಸೊಸೆ, ಚಹಾ ತಂದಿಟ್ಟು ಒಳಗೆ ಹೋಗುವವಳು. ಫ್ರಿಜ್ಜಿನ ಮುಂದೆ ಚಕ್ಕಳಮಕ್ಕಳ ಹಾಕಿ ಉಪ್ಪಿನಕಾಯಿ ನೆಕ್ಕುತ್ತಿದ್ದ ಹುಡುಗಿ ಈ ಮನೆಗೇ ಬರಬೇಕಿತ್ತು. ಅವಳಿದ್ದಾಗ ಬಿಟ್ಟ ಕೊನೆಯ ಹೂಜಿ ಒಣಗಿ ಕಂದಾಗಿದ್ದರೂ ಕತ್ತರಿಸಲು ಮೈಮೂನಳಿಗೆ ಮನಸ್ಸು ಬಂದಿರಲಿಲ್ಲ.

ಗಿಡವೋ, ಮೂರು ವರ್ಷವಾದರೂ ಹೊಸ ಹೂಜಿ ಬಿಡಲಿಲ್ಲ. ಬಸ್ಸಿನಲ್ಲಿ ಉಮ್ರಾ ಯಾತ್ರೆಗೆ ಹೋಗಿ ಬಂದ ಮೈಮೂನಳಿಗೆ ಒಂದು ಉಪಾಯ ಹೊಳೆಯಿತು. ಅಲ್ಲಿನ ಪವಿತ್ರ ಬಾವಿಯಿಂದ ತಂದ ಝಂಝಂ ನೀರನ್ನು ನೆರೆಹೊರೆಗೆ ಹಂಚದೆ, ತಾನೂ ಕುಡಿಯದೆ, ಬಿಸ್ಮಿ ಹೇಳಿ ದಿನಾ ಗಿಡದ ಬುಡಕ್ಕೆ ಹೊಯ್ದಳು. ಅದಕ್ಕಿಂತ ಒಳ್ಳೆಯ ನೀರು ಲೋಕದಲ್ಲಿ ಎಲ್ಲಿದೆ? ಕೆಲವೇ ವಾರಗಳಲ್ಲಿ ಎಲೆಗಳ ಅಂಚು ಕಪ್ಪಾಯಿತು. ಮಗಳ ಕಣ್ಣಿಗೆ ಇದು ಬೀಳಬಾರದೆಂದುಕೊಂಡಳು.

ಅಂದಿನಿಂದ ಮಗಳು ವೀಡಿಯೊ ಕಾಲ್ ಮಾಡಿದರೆ ಕ್ಯಾಮೆರಾ ಹಾಳಾಗಿದೆ ಅಂದಳು. ಇನ್ನೊಂದು ದಿನ ನೆಟ್ ಇಲ್ಲ. ಮತ್ತೊಂದು ದಿನ ನಿದ್ದೆ ಬರುತ್ತಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳ ಸುಳ್ಳು ಎಷ್ಟು ದಿನ ನಡೆದೀತು! ಉಮ್ಮ ಕಾಯಿಲೆ ಮುಚ್ಚಿಡುತ್ತಿದ್ದಾಳೆಂದು ಹೆದರಿದ ಜುಮಾನಾ ವಿಸಿಟ್ ವೀಸಾ ಮಾಡಿಸಿಕೊಂಡು ಬಂದೇಬಿಟ್ಟಳು.

ಬಾಗಿಲಲ್ಲೇ ಉಮ್ಮನ ಹಣೆ, ಕೆನ್ನೆ ಮುಟ್ಟಿ ನೋಡಿದಳು. ಆಮೇಲೆ ಕಣ್ಣು ಫ್ರಿಜ್ಜಿನತ್ತ ಹೋಯಿತು.

"ಎಂತ ನೀರು ಹಾಕಿದ್ದು ಉಮ್ಮಾ?"

"ಝಂಝಂ."

ನಗಬೇಕೋ ಅಳಬೇಕೋ ಜುಮಾನಾಳಿಗೆ ತಿಳಿಯಲಿಲ್ಲ. "ಆ ನೀರಲ್ಲಿ ಲವಣದ ಸತ್ವ ಉಂಟು. ನಮಗೆ ಒಳ್ಳೇದು. ಈ ಬಡಪಾಯಿ ಗಿಡಕ್ಕೆ ತಡೀಲಿಕ್ಕೆ ಆಗುದಿಲ್ಲ."

ಅವಳು ಹಿಂದಿನಂತೆಯೇ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಎಸಿ ನೀರು ಹೊಯ್ದು ಹೊಯ್ದು ಬುಡ ತೊಳೆಯತೊಡಗಿದಳು. ಬೇರು ಉಳಿದಿದ್ದರೆ ಚಿಗುರೀತು. ಮೈಮೂನ ತಪ್ಪು ಮಾಡಿದ ಮಗುವಿನಂತೆ ಬಕೆಟ್ ಹಿಡಿದು ನಿಂತಿದ್ದಳು.

"ಹೊಯ್ಯುವಾಗ ದುಆ ಮಾಡಿದ್ರಾ? ಹೂಜಿ ಬಿಡ್ಲಿ ಅಂತ?"

"ಹೂಜಿ ಯಾರಿಗೆ ಬೇಕು ಮಾರಾಯ್ತಿ! ನೀನು ಬರ್ಲಿ ಅಂತ."

ಜುಮಾನಾಳ ಕೈ ನಿಂತಿತು. ಒದ್ದೆ ಕೈಯಲ್ಲೇ ಉಮ್ಮನ ಕೈ ಹಿಡಿದುಕೊಂಡಳು.

"ಬಂದೆ ಅಲ್ವಾ ಉಮ್ಮಾ."