ಅಡ್ಡಹೆಸರಿಲ್ಲದ ದೊರೆ

ನನ್ನ ಪಾಸ್‌ಪೋರ್ಟಿನಲ್ಲಿರುವುದು ಒಂದೇ ಹೆಸರು, ತೇಜಸ್ವಿನಿ. ನಮ್ಮ ಮನೆಯಲ್ಲಿ ಯಾರಿಗೂ ಮನೆತನದ ಅಡ್ಡಹೆಸರಿಲ್ಲ. ವೀಸಾ ಕೊಟ್ಟವರು ಅದನ್ನು ಕೊನೆಯ ಹೆಸರಿನ ಜಾಗಕ್ಕೆ ತಳ್ಳಿ, ಖಾಲಿ ಉಳಿದ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರೆದರು. ಅಂದರೆ ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ. ಆ ಮೂರಕ್ಷರ ನನ್ನ ಹಿಂದೆಯೇ ವಿಶ್ವವಿದ್ಯಾಲಯಕ್ಕೆ ಬಂತು, ಬ್ಯಾಂಕಿಗೆ ಬಂತು, ಲಿವೋನಿಯಾ ಎಂಬ ಊರಿನ ಆಫೀಸಿಗೂ ಬಂತು. ಅಲ್ಲಿ ಎಲ್ಲರೂ ಆ ಅಕ್ಷರಗಳನ್ನು ಕೂಡಿಸಿ ನನ್ನನ್ನು ಪ್ರೀತಿಯಿಂದಲೇ ‘ಫ್ನೂ’ ಎಂದು ಕರೆಯುತ್ತಿದ್ದರು. ನಾನು ತಿದ್ದಲಿಲ್ಲ. ಮೊದಲ ದಿನ ತಿದ್ದದೆ ಬಿಟ್ಟದ್ದನ್ನು ನೂರನೆಯ ದಿನ ತಿದ್ದುವುದು ಕಷ್ಟ.

ಆ ಆಫೀಸು ಶಾಲೆಗಳಿಗೆ ಇತಿಹಾಸದ ಪುಸ್ತಕ ತಯಾರಿಸುತ್ತದೆ. ಮಧ್ಯಯುಗದ ಪುಟಗಳನ್ನು ಓದಿ, ತಪ್ಪು ತಿದ್ದಿ, ಸಹಿ ಹಾಕುವುದು ನನ್ನ ಕೆಲಸ. ಗುರುವಾರ ಪುಸ್ತಕದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿ ನನ್ನ ಮೇಜಿಗೆ ಬಂತು. ಅದರಲ್ಲಿ ಕೊನೆಯ ಹೆಸರು ಮೊದಲು ಬರುತ್ತದೆ; ಒಂದು ಕಡೆ ‘ಸ್ಕಾಟ್ಲೆಂಡ್, ಡೇವಿಡ್’ ಎಂದಿತ್ತು. ನಮ್ಮ ಕಂಪ್ಯೂಟರು ಕೊನೆಯ ಹೆಸರಿನ ಜಾಗ ಖಾಲಿ ಬಿಡಲು ಒಪ್ಪುವುದಿಲ್ಲ. ಯಾರೋ ದೇಶವನ್ನೇ ತುಂಬಿಬಿಟ್ಟಿದ್ದರು.

ನಾನದನ್ನು ಹೊಡೆದುಹಾಕಿ ‘ಒಂದನೆಯ ಡೇವಿಡ್, ಕಿಂಗ್ ಆಫ್ ಸ್ಕಾಟ್ಸ್’ ಎಂದು ಬರೆದೆ. ಸ್ಕಾಟರ ದೊರೆ. ತನ್ನ ಪತ್ರಗಳಲ್ಲಿ ಅವನು ಹೇಳಿಕೊಂಡದ್ದೇ ಹಾಗೆ, ನೆಲದ ಹೆಸರು ಹಿಡಿದಲ್ಲ, ಜನರ ಹೆಸರು ಹಿಡಿದು. ಅವನಿಗೆ ಅಡ್ಡಹೆಸರಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಸಂಜೆಯೊಳಗೆ ನನ್ನ ತಿದ್ದುಪಡಿ ಅಳಿಸಿಹೋಗಿತ್ತು. ಅಳಿಸಿದವಳು ನಮ್ಮ ಮ್ಯಾನೇಜರ್ ಲೀನಾ. ಮೈಸೂರಿನವರ ಮಗಳು, ಇಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಜಾಗ ಖಾಲಿ ಬಿಡುವಂತಿಲ್ಲ, ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕು, ಸತ್ತು ಒಂಬೈನೂರು ವರ್ಷವಾಗುತ್ತ ಬಂದವನು ದೂರು ಕೊಡುವುದಿಲ್ಲ ಎಂದಳು. ನಾಳೆ ನೀನು ಸಹಿ ಹಾಕಬೇಕು, ನಿನ್ನ ಕಾಂಟ್ರಾಕ್ಟ್ ಮುಂದುವರಿಸುವುದೂ ನಾಳೆಯೇ ಎಂದಳು. ಎರಡನ್ನೂ ಒಂದೇ ಉಸಿರಿನಲ್ಲಿ.

ನನ್ನಂತೆ ಓದು ಮುಗಿಸಿದವರು ಕೆಲಸವಿಲ್ಲದೆ ಈ ದೇಶದಲ್ಲಿ ಒಟ್ಟು ತೊಂಬತ್ತು ದಿನ ಇರಬಹುದು. ಐವತ್ತೆರಡನ್ನು ನಾನು ಈ ಕೆಲಸ ಸಿಗುವ ಮೊದಲೇ ಕಳೆದಿದ್ದೆ.

ನನ್ನನ್ನು ದಿನವೂ ಕಾರಿನಲ್ಲಿ ಆಫೀಸಿಗೆ ಬಿಟ್ಟು, ಸಂಜೆ ಕರೆತರುವವರು ಸಂಗಮೇಶ್ ಅಂಕಲ್. ನಮ್ಮದೇ ಅಪಾರ್ಟ್‌ಮೆಂಟಿನವರು, ಬಾಗಲಕೋಟೆ ಕಡೆಯವರು, ಪಕ್ಕದ ಊರು ಡಿಯರ್‌ಬಾರ್ನಿನಲ್ಲಿ ಎಂಜಿನಿಯರ್. ಶುಕ್ರವಾರ ಬೆಳಿಗ್ಗೆ ಎಲ್ಲ ಕೇಳಿಸಿಕೊಂಡು ಅವರು ನಕ್ಕರು.

“ಸಹಿ ಹಾಕಿ ಬಿಡವಾ. ನನಗ ನೋಡು, ಹದಿನಾಕು ವರ್ಷದಿಂದ ಬಸಪ್ಪ ಅಂತಾರ. ಬಸಪ್ಪ ನಮ್ಮಪ್ಪ, ಕಾಗದದಾಗ ಅವನ ಹೆಸರು ನನ್ನ ಹೆಸರಿನ ಜಾಗಕ್ಕ ಕುಂತೈತಿ. ತಪ್ಪು ಮಾಡಾಂವ ನಾನು, ಮೀಟಿಂಗಿನ್ಯಾಗ ಬೈಸ್ಕೊಳ್ಳಾಂವ ಅವ.”

ನಾನೂ ನಕ್ಕೆ. “ನೀವು ಹೇಳ್ಲಿಲ್ವಾ ಅಂಕಲ್, ಅವರಿಗೆ?”

ಹೆದ್ದಾರಿಯಿಂದ ಹೊರಬೀಳುವ ಎಕ್ಸಿಟ್ ಬರುವವರೆಗೂ ಕಾರಿನಲ್ಲಿ ಆ ಪ್ರಶ್ನೆ ನಮ್ಮಿಬ್ಬರ ನಡುವೆ ಕುಳಿತೇ ಇತ್ತು.

ಹನ್ನೊಂದಕ್ಕೆ ಲೀನಾ ಹಾಳೆಯನ್ನು ನನ್ನ ಮುಂದಿಟ್ಟಳು. ಮೇಲೆ ‘ಸ್ಕಾಟ್ಲೆಂಡ್, ಡೇವಿಡ್’. ಕೆಳಗೆ, ಪರಿಶೀಲಿಸಿದವರು ಎಂಬಲ್ಲಿ, ‘ಫ್ನೂ ತೇಜಸ್ವಿನಿ’ ಎಂದು ಅಚ್ಚಾಗಿತ್ತು. ಆ ಎರಡನ್ನೂ ಒಂದೇ ಹಾಳೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ಪೆನ್ನು ತೆಗೆದು ಮೊದಲು ‘ಸ್ಕಾಟ್ಲೆಂಡ್’ ಹೊಡೆದೆ, ಆಮೇಲೆ ‘ಫ್ನೂ’ ಹೊಡೆದೆ. ಸಹಿ ಹಾಕಲಿಲ್ಲ.

ಇದರ ಅರ್ಥ ಏನೆಂದು ಗೊತ್ತೇ ಎಂದು ಲೀನಾ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು. ಗೊತ್ತು ಎಂದೆ. ನಾನು ಎಳೆದ ಗೆರೆಗಳನ್ನೇ ಅವಳು ನೋಡುತ್ತಾ ಕುಳಿತಳು. ನಂತರ, ಆ ಆಫೀಸಿನಲ್ಲಿ ಮೊದಲ ಬಾರಿಗೆ, ಕನ್ನಡದಲ್ಲಿ ಕೇಳಿದಳು.

“ಹಾಗಾದ್ರೆ ನಿಮ್ಮ ಪೂರ್ತಿ ಹೆಸರೇನು?”

“ತೇಜಸ್ವಿನಿ.”

“ಪೂರ್ತಿ?”

“ಪೂರ್ತಿ ಅಷ್ಟೇ. ಅವನದೂ ಅಷ್ಟೇ.”

ಸಾಮಾನ್ಯವಾಗಿ ಇಂಥಲ್ಲಿ ಕ್ಷಮೆ ಕೇಳುವವಳು ನಾನು. ಅಂದು ಕೇಳಲಿಲ್ಲ. ಬೇರೆ ಯಾರಾದರೂ ಸಹಿ ಹಾಕುತ್ತಾರೆ ಎಂದು ಲೀನಾ ಹಾಳೆಯನ್ನು ಎಳೆದುಕೊಂಡಳು. ನಾನು ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟೆ.

ಸಂಜೆ ಅಂಕಲ್ ನನ್ನ ಮುಖ ನೋಡಿಯೇ ತಿಳಿದುಕೊಂಡರು.

“ಎಷ್ಟು ದಿನ ಉಳದಾವ?”

“ಮೂವತ್ತೆಂಟು. ನಾಳೆಯಿಂದ್ಲೇ ಬೇರೆ ಕೆಲಸಕ್ಕೆ ಅಪ್ಲೈ ಮಾಡ್ತೀನಿ. ಒಂದೇ ಹೆಸರಲ್ಲಿ.”

ಎರಡು ಮೈಲಿ ದಾಟಿದಾಗ ಕಾರಿನ ಸ್ಪೀಕರಿನಲ್ಲಿ ಫೋನ್ ಬಂತು. ಅವರ ಆಫೀಸಿನ ಯಾರೋ ಹಾಯ್ ಬಸಪ್ಪ ಎಂದು ಶುರುಮಾಡಿ, ಯಾವುದೋ ರಿಪೋರ್ಟು ತಡವಾಗಿದೆ ಎಂದು ಆಕ್ಷೇಪಿಸತೊಡಗಿದ. ಅಂಕಲ್ ಅವನನ್ನು ತಡೆದರು. ಬಸಪ್ಪ ತಮ್ಮ ತಂದೆ, ಆತ ಬದುಕಿನಲ್ಲಿ ಯಾವ ರಿಪೋರ್ಟನ್ನೂ ತಡ ಮಾಡಿದವನಲ್ಲ, ತಡ ಮಾಡಿದವನು ಸಂಗಮೇಶ್ ಎಂದು ನಿಧಾನವಾಗಿ, ಒಂದೊಂದೇ ಪದ ಇಟ್ಟು, ಇಂಗ್ಲಿಷಿನಲ್ಲಿ ಹೇಳಿದರು.

ನಮ್ಮ ಎಕ್ಸಿಟ್ ದಾಟಿಹೋಯಿತು. ಅಂಕಲ್ ಕಾರಿನ ವೇಗ ಇಳಿಸಲಿಲ್ಲ. ಫೋನಿನ ಆ ಕಡೆಯವನು ‘ಸಂಗಮೇಶ್’ ಎನ್ನುವವರೆಗೂ ನಾವಿಬ್ಬರೂ ಕಾದೆವು.