ಕುಸುಬಿ ಎಣ್ಣೆ ಕುಡಿದ ಜೀಪು

ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಪ್.

ಅಂಧೇರಿಯ ಚಾಳಿನಲ್ಲಿ ಎಲ್ಲರೂ ಮಲಗಿದ್ದರು. ನಳದ ಹನಿಯಾಗಿದ್ದರೆ ರುದ್ರವ್ವ ಮಗ್ಗುಲು ಬದಲಿಸಿ ಸುಮ್ಮನಾಗುತ್ತಿದ್ದಳು. ಆದರೆ ಈ ಹನಿ ಮಂದವಾಗಿತ್ತು, ಬೀಳಲೋ ಬೇಡವೋ ಎಂದು ಯೋಚಿಸಿ ಬೀಳುವಂತಿತ್ತು.

ಲಾಟೀನು ಹಿಡಿದು ಅಂಗಳಕ್ಕಿಳಿದಳು. ಅಲ್ಲಿ ನಿಂತಿತ್ತು ಅವಳ ಜೀಪು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು, ಯಾರು ಯಾರದೋ ಕೈ ದಾಟಿ ಬೈಕುಲ್ಲಾದ ಗುಜರಿಗೆ ಬಂದಿದ್ದು. ಸ್ಟೇರಿಂಗು ಎಡಗಡೆ. ಎಷ್ಟು ಬಣ್ಣ ಬಳಿದರೂ ಬಾನೆಟ್ಟಿನ ಮೇಲಿನ ಬಿಳಿ ನಕ್ಷತ್ರ ಮತ್ತೆ ಮೇಲೇಳುತ್ತಿತ್ತು. ಬಗ್ಗಿ, ಹನಿಗೆ ಬೆರಳೊಡ್ಡಿ ಮೂಸಿದಳು. ಬ್ರೇಕಿನ ಎಣ್ಣೆಗೆ ಔಷಧಿ ಅಂಗಡಿಯ ವಾಸನೆ ಇರುತ್ತದೆ. ಇದಕ್ಕೆ ಅಡಿಗೆಮನೆಯ ವಾಸನೆ. ಕುಸುಬಿ ಎಣ್ಣೆ.

ಡ್ರೈವರಿನ ಕಾಲಡಿ ಬ್ರೇಕಿನ ಎಣ್ಣೆ ತುಂಬುವ ಜಾಗಕ್ಕೊಂದು ತಗಡಿನ ಮುಚ್ಚಳವಿತ್ತು. ಅದರ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ.

ಅತ್ತೆ ನಾಗವ್ವನ ಕೈ. ಬೇರೆ ಯಾರದೂ ಅಲ್ಲ.

ಅವರ ಬಿಜಾಪುರದ ಕಡೆ ಬಂಡಿ ದೂರದ ದಾರಿ ಹಿಡಿಯುವ ಮುಂಚೆ ಮನೆಯ ಹಿರಿಯ ಹೆಂಗಸು ಅಚ್ಚಿಗೆ ತನ್ನ ಕೈಯಾರೆ ಎಣ್ಣೆ ಬಿಡಬೇಕು. ಜೀಪು ಮನೆಗೆ ಬಂದ ದಿನ ನಾಗವ್ವ ಎಣ್ಣೆ ಬಟ್ಟಲು ಹಿಡಿದು ಹೊರಗೆ ಬಂದಾಗ ಹಿರಿಯ ಮಗ ಶಿವಪುತ್ರಪ್ಪ, "ಹೆಂಗಸು ಓಡಸೂ ಗಾಡಿಗೆ ಎಂಥಾ ಪೂಜಿ? ಒಳಗ ನಡಿ ಯವ್ವಾ" ಅಂದಿದ್ದ. ಮುದುಕಿ ಬಟ್ಟಲು ಹಿಡಿದುಕೊಂಡೇ ಒಳಗೆ ಹೋಗಿದ್ದಳು. ಆದರೆ ಸೊಸೆ ಯಾವ ತೂತಿಗೆ ಎಣ್ಣೆ ಹಾಕುತ್ತಾಳೆ ಎಂಬುದನ್ನು ನೋಡಿಟ್ಟುಕೊಂಡಿದ್ದಳು. ಮೊನ್ನೆ ಸೋಮವಾರ ಯಾರಿಗೂ ಕಾಣದಂತೆ ಹಾಕಿರಬೇಕು. ಅವತ್ತಿನಿಂದಲೇ ಪೆಡಲು ಮೆತ್ತಗಾಗಿತ್ತು.

ರುದ್ರವ್ವ ಹತ್ತಿ ಕುಳಿತು ಬ್ರೇಕು ತುಳಿದಳು. ಕಾಲು ಹೊಂಡದ ನೀರಿಗಿಳಿದಂತೆ ನೆಲಕ್ಕೆ ಹೋಗಿ ಮುಟ್ಟಿತು.

ಬೇರೆ ದಿನವಾಗಿದ್ದರೆ ಬೈಕುಲ್ಲಾದ ಮೆಕ್ಯಾನಿಕ್ ಅಂಗಾರನಿಗೆ ಹೇಳಿಕಳಿಸಿ ಕಾಯಬಹುದಿತ್ತು. ಬೆಳಗಾದರೆ ಭಾವ ಶಿವಪುತ್ರಪ್ಪ ತಾನೇ ಜೀಪಿನಲ್ಲಿ ಕೂತು ಬರುವವನಿದ್ದ. ಗಂಡ ಈರಣ್ಣ ತೀರಿಕೊಂಡ ಮೇಲೆ ಖಾನಾವಳಿ ನಡೆಸುತ್ತಿದ್ದವಳು ರುದ್ರವ್ವ. ಕಾಂದಿವಲಿಯ ಕಲ್ಲಿನ ಖಣಿಯಲ್ಲಿ ದುಡಿಯುವ ಊರ ಕಡೆಯವರಿಗೆ ರೊಟ್ಟಿ, ಝುಣಕ, ಎಣಗಾಯಿ ಮುಟ್ಟಿಸುವವಳೂ ಅವಳೇ. ಮಳೆಗಾಲದಲ್ಲಿ ಆ ಗುಡ್ಡವನ್ನು ಖಾಲಿ ಲಾರಿಯೂ ಹತ್ತುತ್ತಿರಲಿಲ್ಲ. ಅದಕ್ಕೆಂದೇ ಜೀಪು ಕೊಂಡಿದ್ದು. ಮನೆಯೂ ವ್ಯವಹಾರವೂ ಹಿರಿಯನ ಹೆಸರಿನಲ್ಲಿದ್ದವು, ಜೀಪಿನ ಕಾಗದವೂ ಸಹ. ಅವನು ಗಿರಾಕಿಯನ್ನೂ ಹುಡುಕಿಟ್ಟಿದ್ದ. "ನಾಳೆ ನಾನೂ ಬರತೇನಿ. ದಾರ್ಯಾಗ ಒಮ್ಮೆ ಕೈಕೊಟ್ಟರ ಸಂಜೀಕ ಮಾರೂದ. ಆಮ್ಯಾಲ ಮಾತಿಲ್ಲ" ಅಂದಿದ್ದ.

ಬ್ರೇಕು ಹೋಗಿದೆ ಎಂದು ಬಾಯಿಬಿಟ್ಟರೆ ಜೀಪು ಹೋಯಿತು. ಯಾಕೆ ಹೋಯಿತೆಂದು ಹೇಳಿದರೆ ಅತ್ತೆಯ ಮಾನ ಹೋಯಿತು. ಮಗನ ಮಾತನ್ನು ಜನ್ಮದಲ್ಲಿ ಒಮ್ಮೆ ಮೀರಿದ ಮುದುಕಿ ಮತ್ತೆ ತಲೆ ಎತ್ತುವುದಿಲ್ಲ.

ರುದ್ರವ್ವ ಲಾಟೀನಿನ ಬತ್ತಿ ಏರಿಸಿದಳು. ಕೈಬ್ರೇಕು ಬೇರೆ, ಅದಕ್ಕೆ ಎಣ್ಣೆಯಿಲ್ಲ, ತಂತಿಯಿದೆ. ಅದು ಗಾಲಿಯನ್ನಲ್ಲ, ಗಾಲಿಗೆ ಹೋಗುವ ದಂಡವನ್ನೇ ಹಿಡಿಯುತ್ತದೆ ಎಂದು ಅಂಗಾರ ಹೇಳಿಕೊಟ್ಟಿದ್ದ. ಬೆಳಕು ಹರಿಯುವಾಗ ಚಾಳಿನ ಹಿಂದಿನ ಇಳಿಜಾರಿಗೆ ಜೀಪು ಒಯ್ದು ಜಗ್ಗಿ ನೋಡಿದಳು. ಹಿಡಿಯಿತು. ಮತ್ತೆ ಜಗ್ಗಿದಳು. ಮತ್ತೂ ಹಿಡಿಯಿತು. ಜೀಪನ್ನು ಮನೆಯ ಮುಂದೆ ತಂದು ರೊಟ್ಟಿಯ ಬುಟ್ಟಿಗಳನ್ನು ಹೇರಿದಳು.

"ಇವತ್ತ ಬ್ಯಾಡ್ರಿ ಭಾವಾರ, ಗುಡ್ಡದಾಗ ಕೆಸರ ಭಾಳ ಐತಿ" ಎಂದು ಹೇಳಿ ನೋಡಿದಳು.

"ಅದನ್ನ ನೋಡಾಕ ಬರಾಕತ್ತೇನಿ" ಎಂದು ಶಿವಪುತ್ರಪ್ಪ ಕರಿ ಟೋಪಿ ಸರಿಮಾಡಿಕೊಂಡು ಬಲಗಡೆ ಕುಳಿತ.

ಘೋಡಬಂದರ್ ರಸ್ತೆಯುದ್ದಕ್ಕೂ ರುದ್ರವ್ವ ಮುಂದಿನದನ್ನಲ್ಲ, ಅದರಾಚೆಯದನ್ನು ನೋಡುತ್ತಾ ಓಡಿಸಿದಳು. ದೂರದಲ್ಲಿ ಎಮ್ಮೆ ಕಂಡರೆ ಗೇರು ಇಳಿಸುವುದು, ಬಸ್ಸು ನಿಲ್ಲುವ ಸೂಚನೆ ಕಂಡರೆ ಮೊದಲೇ ನಿಧಾನಿಸುವುದು.

"ಎತ್ತಿನ ಬಂಡಿ ಇದಕ್ಕಿಂತ ಜೋರ ಹೋಗತೈತಿ" ಎಂದ ಭಾವ.

"ಎತ್ತಿನ ಬಂಡಿ ಗುಡ್ಡ ಹತ್ತತದೇನ್ರಿ?"

"ನಿಮ್ಮಪ್ಪ ನಿನಗ ಕಾಲೇಜ್ ಕಲಿಸಿದ್ದಕ್ಕ ಇಷ್ಟ ಬಂತು ನೋಡ, ಎದುರುತ್ತರ."

ಟಾರು ಮುಗಿದು ಕೆಂಪು ಕೆಸರು ಶುರುವಾದ ಕಡೆ ಕಾಲ ಬಳಿಯ ಎರಡು ಗಿಡ್ಡ ಕೋಲುಗಳನ್ನು ಒಂದಾದ ಮೇಲೊಂದು ಎಳೆದಳು. ಮುಂದಿನ ಗಾಲಿಗಳಿಗೂ ಶಕ್ತಿ ಬಂತು, ಇಂಜಿನ್ನಿನ ದನಿ ತಗ್ಗಿ ಗಟ್ಟಿಯಾಯಿತು. ಜೀಪು ನಾಲ್ಕೂ ಗಾಲಿ ಊರಿಕೊಂಡು ಹತ್ತಿತು. ರೊಟ್ಟಿಯ ಬುಟ್ಟಿಗಳು ಹಿಂದಕ್ಕೆ ಜಾರಿ ತಗಡಿಗೆ ಒತ್ತಿಕೊಂಡವು. ಶಿವಪುತ್ರಪ್ಪ ಎರಡೂ ಕೈಯಲ್ಲಿ ಸರಳು ಹಿಡಿದಿದ್ದ.

ಮೇಲೆ ಕಲ್ಲು ಒಡೆಯುತ್ತಿದ್ದ ಚನ್ನವ್ವ ಸುತ್ತಿಗೆ ಕೆಳಗಿಟ್ಟು ನಕ್ಕಳು. "ಏನ್ರಿ ಸಾವ್ಕಾರ್ರ, ಮದಿಮಗಳ ಗಂಡನ ಮನಿಗಿ ಹೊಂಟಂಗ ಕುಂತೀರಲ್ರಿ?"

"ರೊಟ್ಟಿ ಇಳಿಸ್ಕೋ, ಮಾತ ಸಾಕು" ಎಂದ ಶಿವಪುತ್ರಪ್ಪ. ಸರಳು ಮಾತ್ರ ಬಿಡಲಿಲ್ಲ.

ಇಳಿಯುವಾಗ ತಿರುವಿನಲ್ಲಿ ಕಲ್ಲು ತುಂಬಿದ ಲಾರಿಯೊಂದು ಕೆಸರಿನಲ್ಲಿ ಹೂತು ಅಡ್ಡ ನಿಂತಿತ್ತು. ಒಂದು ಕಡೆ ಖಣಿಯ ಆಳ, ಇನ್ನೊಂದು ಕಡೆ ಮುರುಮಿನ ಗರಸು ಮಣ್ಣಿನ ದಿನ್ನೆ. ರುದ್ರವ್ವನ ಬಲಗಾಲು ತಾನಾಗಿ ಪೆಡಲು ತುಳಿಯಿತು, ನೆಲ ಮುಟ್ಟಿತು. ಕಾಲನ್ನು ನಂಬುವ ಕಾಲವಲ್ಲ ಇದು. ಆಕ್ಸಿಲರೇಟರ್ ಬಿಟ್ಟು ಗೇರಿನ ಮೇಲೆಯೇ ಜೀಪನ್ನು ತೂಗಿ ಹಿಡಿದಳು. ಬಲಗೈಯಿಂದ ಕೈಬ್ರೇಕನ್ನು ಭುಜ ನೋಯುವಷ್ಟು ಜಗ್ಗಿ, ಎಡಗೈಯಿಂದ ಮೂತಿಯನ್ನು ದಿನ್ನೆಗೆ ಒತ್ತಿದಳು. ಮುರುಮು ಕರಕರ ಎಂದು ಮಡ್‌ಗಾರ್ಡ್ ಉಜ್ಜಿತು. ಲಾರಿಗೆ ಮಾರುದ್ದ ಇರುವಾಗ ಜೀಪು ನಿಂತಿತು.

ಶಿವಪುತ್ರಪ್ಪನ ಎರಡೂ ಕಾಲು ತಗಡನ್ನು ಒತ್ತಿ ಹಿಡಿದಿದ್ದವು, ಬ್ರೇಕು ತನ್ನ ಕಡೆಗೇ ಇದೆ ಎಂಬಂತೆ.

"ಆ ಹಿಡಿಕಿ ಯಾಕ ಜಗ್ಗಿದಿ?"

"ಗುಡ್ಡ ಇಳಿಯಾಕ ಅದ ಬೇಕ್ರಿ ಭಾವಾರ."

ಅವನು ಲಾರಿಯನ್ನು ನೋಡಿದ, ಆಳವನ್ನು ನೋಡಿದ. "ಲಾರಿ ಹುಗದೈತಿ. ಇದು ನಿಂತೈತಿ" ಎಂದ, ತನಗೇ ಹೇಳಿಕೊಳ್ಳುವಂತೆ. ಲಾರಿ ಹೊರಬಂದು ದಾರಿ ಬಿಟ್ಟಾಗ ಮತ್ತೆ ಸರಳು ಹಿಡಿದ. ಮನೆಯ ಮುಂದೆ ಇಳಿದು ಟೋಪಿ ತೆಗೆದು ಬೆವರು ಒರೆಸಿಕೊಂಡ. "ಆ ಗಿರಾಕಿಗೆ ಇಲ್ಲಂತ ಹೇಳತೇನಿ. ಹಂಗಂತ ನೀ ಗೆದ್ದಿ ಅನ್ಕೋಬ್ಯಾಡ."

"ಇಲ್ರಿ" ಎಂದಳು ರುದ್ರವ್ವ. ತಲೆ ಮಾತ್ರ ತಗ್ಗಿಸಲಿಲ್ಲ.

ಉಡುಪಿ ಹೋಟೆಲಿನ ಫೋನಿನಿಂದ ಹೇಳಿಕಳಿಸಿದ ಮೇಲೆ ಅಂಗಾರ ಸಂಜೆ ಲೋಕಲ್ ರೈಲು ಹಿಡಿದು ಬಂದ. ಬ್ರೇಕಿನ ರಬ್ಬರನ್ನು ಹೊರಗೆಳೆದ. ಅದು ನೆನೆಸಿದ ಕಡಲೆಯಂತೆ ಉಬ್ಬಿತ್ತು.

"ಎಂತ ಅಮ್ಮ ಇದು? ಒಗ್ಗರಣೆ ವಾಸನೆ ಬರ್ತದೆ. ಯಾರು ಹಾಕಿದ್ದು?"

ಜಗಲಿಯಲ್ಲಿ ಕಾಳು ಆರಿಸುತ್ತಿದ್ದ ನಾಗವ್ವನ ಕೈ ನಿಂತಿತು.

"ಹಳೇ ಗಾಡಿ ಅಂಗಾರ. ಮೊದಲ ಇದ್ದವರು ಏನೇನ ಹಾಕಿದ್ರೋ" ಎಂದಳು ರುದ್ರವ್ವ.

ಜೀಪು ಕೊಂಡಾಗ ಆ ರಬ್ಬರನ್ನು ಹೊಸದಾಗಿ ಹಾಕಿದವನು ಅಂಗಾರನೇ. ಅವನು ಮುಚ್ಚಳದ ಕುಂಕುಮ ನೋಡಿದ, ಜಗಲಿಯತ್ತ ನೋಡಿದ. "ಹೌದು, ಮೊದಲಿನವರು ಸರಿಯಿಲ್ಲ" ಎಂದು ಸ್ಪಿರಿಟ್ಟಿನಲ್ಲಿ ಕೊಳವೆ ತೊಳೆಯತೊಡಗಿದ.

ಅವನು ಹೋದ ಮೇಲೆ ನಾಗವ್ವ ಮೆಲ್ಲಗೆ ಬಂದು ಜೀಪಿನ ಬಳಿ ನಿಂತಳು. "ಭಾಳ ತೊಂದ್ರಿ ಆತೇನವಾ?"

"ಏನೂ ಇಲ್ರಿ ಅತ್ತಿ. ನಿಮ್ಮ ಪುಣ್ಯಾ, ಗುಡ್ಡ ಸುಸೂತ್ರ ಹತ್ತಿ ಇಳೀತು." ಜೀಪಿನ ಹಿಂಬದಿಯಲ್ಲಿ ಟ್ರೇಲರ್ ಸಿಕ್ಕಿಸುವ ದಪ್ಪ ಕೊಂಡಿಯಿತ್ತು. ರುದ್ರವ್ವ ಅತ್ತೆಯ ಕೈಯನ್ನು ಅದರ ಕೀಲಿನ ಮೇಲಿಟ್ಟಳು. "ಇನ್ನ ಮ್ಯಾಲೆ ಎಣ್ಣಿ ಇಲ್ಲಿ ಬಿಡ್ರಿ. ಇದ ಇದರ ಅಚ್ಚು. ಯಾರ ಬ್ಯಾಡಂದ್ರೂ ಬಿಡ್ರಿ."

ಮುದುಕಿ ಕೊಂಡಿಯನ್ನು ಸವರಿ ನೋಡಿ ತಲೆಯಾಡಿಸಿದಳು.

ಒಳಗಿನಿಂದ ಶಿವಪುತ್ರಪ್ಪನ ದನಿ ಕೇಳುತ್ತಿತ್ತು. ಪಕ್ಕದ ಮನೆಯವನಿಗೆ ತಾನು ಗುಡ್ಡ ಇಳಿದ ಬಗೆ ಹೇಳುತ್ತಿದ್ದ, ಜೀಪನ್ನು ತಾನೇ ಆರಿಸಿ ತಂದವನಂತೆ. ಬ್ರೇಕಿಲ್ಲದೆ ಇಳಿದದ್ದನ್ನು ಅವನಿಗೆ ಹೇಳಿ ಬಾಯಿ ಮುಚ್ಚಿಸಬೇಕೆಂಬ ಆಸೆ ಅವಳ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಅಲ್ಲಿಯೇ ತಡೆದಳು. ಅವನಿಗೂ ಇಲ್ಲ, ಅತ್ತೆಗೂ ಇಲ್ಲ, ಚನ್ನವ್ವನಿಗೂ ಇಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ. ಒದ್ದೆ ಬಟ್ಟೆ ತಂದು ಮುಚ್ಚಳದ ಮೇಲಿನ ವಿಭೂತಿ, ಕುಂಕುಮ ಎರಡನ್ನೂ ಒರೆಸಿ ತೆಗೆದಳು.