ಗೋಡೆಗೆ ಜಾಮೀನು ನಿಂತವಳು

ಮಂಡಿ ನೋವು ನನ್ನದು. ಕೋರ್ಟಿನಲ್ಲಿ ಮಾತ್ರ ಅದನ್ನು ನನ್ನ ಮೊಮ್ಮಗನ ಹೆಸರಿನಲ್ಲಿ ಹೇಳಬೇಕಾಗಿತ್ತು.

ಮಗಳ ಮಗ ಅವನು. ಫುಟ್‌ಬಾಲ್ ಆಡುತ್ತಾನೆ, ಗೋಲು ಕಾಯುತ್ತಾನೆ. ಚೆಂಡು ಅವನನ್ನು ದಾಟಿ ಹೋಗುವುದು ಅಪರೂಪವಾದ್ದರಿಂದ ಊರೆಲ್ಲ ಅವನನ್ನು ಗೋಡೆ ಎಂದು ಕರೆಯುತ್ತದೆ. ಚಿಕ್ಕವನಿದ್ದಾಗ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಎರಡು ಕಂಬಗಳ ನಡುವೆ ನಿಂತು, "ಎಸಿ ಅಜ್ಜಿ, ಇನ್ನೂ ಜೋರಾಗಿ ಎಸಿ" ಎಂದು ನನ್ನ ಕೈಯಲ್ಲಿ ಚೆಂಡು ಎಸೆಸುತ್ತಿದ್ದ. ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ವಸ್ತುಗಳನ್ನು ಜೋಪಾನವಾಗಿ ಇಟ್ಟು ಗೊತ್ತೇ ಹೊರತು ಎಸೆದು ಗೊತ್ತಿರಲಿಲ್ಲ. ಆದರೂ ಎಸೆದೆ. ಅವನ ಹಿಂದೆ ಒಣಗುತ್ತಿದ್ದ ಬಟ್ಟೆಗೆ ಒಂದು ಚೆಂಡೂ ತಾಗುತ್ತಿರಲಿಲ್ಲ.

ಈಗ ಅವನು ಬೇರೊಂದು ದೇಶದ ಕ್ಲಬ್ಬಿಗೆ ಆಡುತ್ತಾನೆ. ಇಲ್ಲಿ ಅವನ ಮೇಲೆ ಮೊಕದ್ದಮೆ ಇದೆ. ಇಲ್ಲಿಯ ಹಳೆಯ ಕ್ಲಬ್ಬಿನ ಟಿಕೆಟ್ ಕೌಂಟರಿನಲ್ಲಿದ್ದ ಒಬ್ಬ ಹುಡುಗಿ, ತಂಡ ಗೆದ್ದ ದಿನದ ಪಾರ್ಟಿಯಲ್ಲಿ ಅವನು ತನ್ನನ್ನು ಕೋಣೆಯಲ್ಲಿ ಕೂಡಿಹಾಕಿ ಬಲಾತ್ಕಾರ ಮಾಡಿದ ಎಂದು ದೂರು ಕೊಟ್ಟಳು. ಈ ಪದವನ್ನು ನಾನು ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೇನೆ. ನಮ್ಮ ಮನೆಯ ಹುಡುಗನ ಹೆಸರಿನ ಪಕ್ಕದಲ್ಲಿ ಓದಿದ ದಿನ, ಪತ್ರಿಕೆಯನ್ನು ಮಡಚಿ ಎಲ್ಲಿಡಬೇಕೆಂದು ತಿಳಿಯದೆ ದಿಂಬಿನ ಕೆಳಗೆ ಇಟ್ಟುಕೊಂಡೆ.

"ನೀನು ಹಾಗೆ ಮಾಡಿದೆಯಾ?" ಎಂದು ಅವನನ್ನೇ ಕೇಳಿದೆ.

"ಅಜ್ಜಿ, ನಿನಗೂ ಅನುಮಾನಾನಾ?" ಎಂದ.

ನಾನು ಮತ್ತೆ ಕೇಳಲಿಲ್ಲ. ಅವನು ಉತ್ತರ ಕೊಟ್ಟಿರಲಿಲ್ಲ ಎಂಬುದು ಹೊಳೆದದ್ದು ಆಮೇಲೆ.

ಅವನನ್ನು ಜಾಮೀನಿನ ಮೇಲೆ ಬಿಡುವಾಗ, ಕರೆದಾಗ ಕೋರ್ಟಿಗೆ ಬರುತ್ತಾನೆ ಎಂದು ಮಾತು ಕೊಡಲು ಒಬ್ಬರು ಬೇಕಿತ್ತು. "ಅಜ್ಜಿ ನಿಲ್ತಾಳೆ ಬಿಡಿ" ಎಂದ ಅವನು, ನನ್ನನ್ನು ಕೇಳುವ ಮೊದಲೇ. ನಿಂತೆ. ಅದಾದ ಮೇಲೆ, ಪ್ರತಿ ವಿಚಾರಣೆಗೂ ಬರಬೇಕೆಂಬ ಷರತ್ತಿನ ಮೇಲೆ ಹೊರದೇಶದಲ್ಲಿ ಆಡಲು ಅನುಮತಿಯೂ ಸಿಕ್ಕಿತು. ಅವನು ಹೋದ. ಬರಲಿಲ್ಲ. ಒಂದು ಸಲ ಸೀಸನ್ ಶುರುವಾಯಿತು, ಇನ್ನೊಂದು ಸಲ ವಿಮಾನ ತಪ್ಪಿತು. ಈ ಸಲ ಮಂಡಿ.

ಮಂಡಿಯ ವಿಷಯ ನನಗೆ ಗೊತ್ತಾದದ್ದು ಭಾನುವಾರ, ಮಗಳ ಮನೆಯ ಟಿವಿಯ ಮುಂದೆ. ಅವನ ಪಂದ್ಯ ನಡೆಯುತ್ತಿತ್ತು. ಮಾರನೆಯ ದಿನದ ವಿಚಾರಣೆಗೆ ನನ್ನನ್ನು ಸಿದ್ಧಮಾಡಲು ಬಂದಿದ್ದ ವಕೀಲರು ಸೋಫಾದ ತುದಿಗೆ ಬಂದು ಕೂತಿದ್ದರು. ಎದುರಾಳಿ ಚೆಂಡನ್ನು ಮೂಲೆಗೆ ಒದ್ದ. ನಮ್ಮ ಹುಡುಗ ನೆಲ ಬಿಟ್ಟು, ಬಿಲ್ಲಿನಂತೆ ಬಾಗಿ, ಬೆರಳ ತುದಿಯಿಂದ ಅದನ್ನು ಆಚೆ ತಳ್ಳಿದ.

"ಗೋಡೆ!" ಎಂದು ವಕೀಲರು ಎದ್ದುನಿಂತು ಕೂಗಿದರು. ಕೂಗಿ, ಕೂತು, ಚೀಲ ತೆರೆದು, "ನಾಳೆ ಏನು ಹೇಳ್ಬೇಕು ಅಂದ್ರೆ ಅಜ್ಜಿ, ಅವನಿಗೆ ಮಂಡಿ ನೋವು. ಪ್ರಯಾಣ ಮಾಡೋ ಹಾಗಿಲ್ಲ" ಎಂದರು.

"ಯಾವ ಮಂಡಿ?"

"ಎಡ." ಕಾಗದ ನೋಡಿದರು. "ಅಲ್ಲ, ಬಲ."

"ಈಗ ತಾನೆ ಹಾರಿದನಲ್ಲ."

"ಅಯ್ಯೋ ಅಜ್ಜಿ, ಚೆಂಡು ಹಿಡಿಯೋ ಮಂಡಿ ಬೇರೆ, ವಿಮಾನ ಹತ್ತೋ ಮಂಡಿ ಬೇರೆ" ಎಂದು ನಕ್ಕರು. ಮಗಳೂ ನಕ್ಕಳು, ಆದರೆ ನನ್ನ ಮುಖ ನೋಡಲಿಲ್ಲ.

"ನೀವು ಹೇಳ್ಬೇಕಾದ್ದು ಒಂದೇ ಮಾತು. ಮುಂದಿನ ಸಲ ಖಂಡಿತ ಬರ್ತಾನೆ, ಅಷ್ಟೇ. ನಿಮ್ಮಂಥ ಹಿರಿಯರು ಹೇಳಿದ್ರೆ ನ್ಯಾಯಾಧೀಶರು ಇಲ್ಲ ಅನ್ನಲ್ಲ."

"ಅಲ್ಲಪ್ಪ, ಇಂಥ ಆರೋಪ ಹೊತ್ತುಕೊಂಡು ಅವನು ಅಲ್ಲಿ ಆಡೋದು ಸರೀನಾ?"

ವಕೀಲರು ಈಗ ನಗಲಿಲ್ಲ. "ಅವನು ಆರೋಪಿ ಅಜ್ಜಿ, ಅಪರಾಧಿ ಅಲ್ಲ. ಆರೋಪ ಬಂದೋರೆಲ್ಲ ಕೆಲಸ ಬಿಟ್ಟು ಮನೇಲಿ ಕೂರೋ ಹಾಗಾದ್ರೆ, ಯಾರು ಬೇಕಾದ್ರೂ ಯಾರನ್ನ ಬೇಕಾದ್ರೂ ಮನೇಲಿ ಕೂರಿಸಬಹುದು."

ಆ ಮಾತು ತಪ್ಪೆಂದು ನನಗೆ ಅನಿಸಲಿಲ್ಲ. ಇವತ್ತಿಗೂ ಇಲ್ಲ.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಯಾರ ಮುಖ ಕಂಡರೂ ಕನ್ನಡಕ ವಾರೆಯಾಗಿದೆಯೇ ಎಂದು ನೋಡುವುದು ಅವಳ ಅಭ್ಯಾಸ. ನನ್ನ ಕನ್ನಡಕ ತೆಗೆದುಕೊಂಡು ಕಡ್ಡಿ ನೆಟ್ಟಗೆ ಮಾಡುತ್ತ, "ಇದೊಂದು ಸೀಸನ್ ಆಡಲಿ ಅಮ್ಮ" ಎಂದಳು. "ಗೋಲು ಕಾಯೋರ ವಯಸ್ಸು ಯಾರಿಗೂ ಕಾಯಲ್ಲ."

"ಆ ಹುಡುಗಿಯ ವಯಸ್ಸು ಕಾಯತ್ತಾ?"

ಮಗಳು ಕನ್ನಡಕವನ್ನು ನನ್ನ ಮೂಗಿನ ಮೇಲೆ ಇಟ್ಟಳು. ಸರಿಯಾಗಿ ಕೂತಿತ್ತು.

ಮಾರನೆಯ ದಿನ ಕೋರ್ಟಿನ ಕಾರಿಡಾರಿನಲ್ಲಿ ಒಂದೇ ಉದ್ದದ ಬೆಂಚು, ತುಂಬ ಜನ. ವಕೀಲರು ಒಳಗೆ ಹೋದರು. ಮಗಳು ಕಾಫಿ ತರಲು ಕೆಳಗಿಳಿದಳು. ನಾನು ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ಭಾರ ಹಾಕುತ್ತ ನಿಂತಿದ್ದೆ. ಬೆಂಚಿನ ಮೂಲೆಯಲ್ಲಿ ಕೂತಿದ್ದ ಹುಡುಗಿ ಅದನ್ನು ನೋಡಿರಬೇಕು.

"ಇಲ್ಲಿ ಬನ್ನಿ ಅಜ್ಜಿ" ಎಂದು ಎದ್ದಳು.

"ಬೇಡಮ್ಮ, ಆ ತುದೀಲಿ ಜಾಗ ಇದೆಯಲ್ಲ, ಅಲ್ಲಿ ಕೂತ್ಕೋತೀನಿ."

"ಅಲ್ಲಿ ಬೇಡ. ಆ ಕಡೆ ಬೆಂಚಿನ ಕಾಲು ಅಲ್ಲಾಡತ್ತೆ. ಗೊತ್ತಿಲ್ಲದೋರು ಕೂತು ಬೆಚ್ಚಿಬೀಳ್ತಾರೆ." ನನ್ನನ್ನು ಮೂಲೆಯಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಒತ್ತರಿಸಿಕೊಂಡು ಕೂತಳು.

"ಬೆಂಚಿನ ಕಾಲೂ ನಿನಗೆ ಪರಿಚಯ!"

"ಪ್ರತಿ ಸಲ ಇಲ್ಲೇ ಕೂರ್ತೀನಲ್ಲ. ಯಾವ ಫ್ಯಾನು ತಿರುಗಲ್ಲ ಅಂತಾನೂ ಗೊತ್ತು" ಎಂದು ಮೆಲ್ಲಗೆ ನಕ್ಕಳು. "ನೀವು ಯಾರಿಗೋಸ್ಕರ ಬಂದಿದೀರಿ?"

"ಮೊಮ್ಮಗನಿಗೋಸ್ಕರ."

"ಅವರು ಬಂದಿದಾರಾ?"

"ಇಲ್ಲ."

"ನಮ್ಮದೂ ಅದೇ ಕಥೆ. ನಾನು ಬರ್ತೀನಿ, ಅವರು ಬರಲ್ಲ. ಕೆಲಸದಲ್ಲಿ ರಜಾ ಕೇಳಿದಾಗಲೆಲ್ಲ 'ಇನ್ನೂ ಮುಗೀಲಿಲ್ವಾ' ಅಂತಾರೆ. ನಾನೇ ಮುಗಿಸದೆ ಇಟ್ಕೊಂಡಿರೋ ಹಾಗೆ."

"ಏನು ಕೆಲಸ ನಿಂದು?"

"ಈಗ ಔಷಧಿ ಗೋದಾಮಿನಲ್ಲಿ ಪ್ಯಾಕಿಂಗು. ಮೊದಲು ಜನರ ಎದುರು ಕೂರೋ ಕೆಲಸ ಇತ್ತು. ಆಮೇಲೆ ಕಿಟಕಿಗೆ ಬಂದು ಬಂದು ಬಯ್ಯೋಕೆ ಶುರು ಮಾಡಿದ್ರು. ಗೋದಾಮಿಗೆ ಕಿಟಕಿ ಇಲ್ಲ. ಅದೇ ಒಳ್ಳೇದು." ನನ್ನ ಬೆನ್ನು ನೋಡಿ, "ಹಾಗೆ ಬಿಗಿಯಾಗಿ ಕೂರಬೇಡಿ ಅಜ್ಜಿ. ಹಿಂದಕ್ಕೆ ಒರಗಿಕೊಳ್ಳಿ, ಗೋ..." ಎಂದವಳು ಆ ಪದವನ್ನು ನುಂಗಿಕೊಂಡಳು. ನನ್ನ ಹಿಂದಿನ ಸುಣ್ಣದ ಗೋಡೆಯನ್ನು ಬೆರಳಲ್ಲಿ ತೋರಿಸಿದಳು, ಅಷ್ಟೇ.

ಒಂದು ಕೋಣೆಯಲ್ಲಿ ನಾಲ್ಕು ಇರುವ ವಸ್ತು. ಅದರ ಹೆಸರನ್ನು ಬಾಯಿಂದ ಹೇಳಲಾರದವಳು ಊರಿಗೆಲ್ಲ ಒಬ್ಬಳೇ ಇರಬೇಕು.

ಅವಳ ಮುಖ ನಾನು ಅದುವರೆಗೆ ನೋಡಿರಲಿಲ್ಲ. ಪತ್ರಿಕೆಗಳು ಹಾಕಿರಲಿಲ್ಲ, ಹಿಂದಿನ ವಿಚಾರಣೆಗಳಿಗೆ ವಕೀಲರು ನನ್ನನ್ನು ಕರೆದಿರಲಿಲ್ಲ. ಎದ್ದುಬಿಡೋಣವೆಂದರೆ ಮಂಡಿ ಏಳಲಿಲ್ಲ. ನಾನು ಯಾರೆಂದು ಹೇಳಿಬಿಡೋಣವೆಂದರೆ ಬಾಯಿ ಏಳಲಿಲ್ಲ. ಅವಳು ಕೊಟ್ಟ ಜಾಗದಲ್ಲಿ, ಅವಳ ಮೈ ಬಿಸಿ ಇನ್ನೂ ಆರದ ಮರದ ಮೇಲೆ, ಕದ್ದವಳ ಹಾಗೆ ಕೂತಿದ್ದೆ.

ಅಷ್ಟರಲ್ಲಿ ಮಗಳು ಕಾಫಿ ಹಿಡಿದು ಬಂದಳು. ಅವಳನ್ನು ಆ ಹುಡುಗಿ ಹಿಂದೆಯೇ ಕೋರ್ಟಿನಲ್ಲಿ ನೋಡಿದ್ದಳು. "ಅಮ್ಮ, ಸಕ್ಕರೆ ಕಮ್ಮಿ ಹಾಕಿಸಿದೀನಿ" ಎಂದು ಮಗಳು ಲೋಟವನ್ನು ನನ್ನ ಕಡೆ ಚಾಚಿದಾಗ, ಹುಡುಗಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಎದ್ದು ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಹಾಕಿ ನಿಂತಳು. ಜಾಗ ವಾಪಸ್ಸು ಕೇಳಲಿಲ್ಲ. ಹೆಸರು ಕೂಗುವವರೆಗೂ ಅವಳು ನಿಂತೇ ಇದ್ದಳು, ನಾನು ಕೂತೇ ಇದ್ದೆ. ಕಾಫಿ ಆರಿಹೋಯಿತು.

ಒಳಗೆ ವಕೀಲರು ಮಂಡಿಯ ವಿಷಯವನ್ನು ಬಹಳ ಚೆನ್ನಾಗಿ ಹೇಳಿದರು. "ಆಟಗಾರನ ಅಜ್ಜಿ, ಈ ವಯಸ್ಸಿನಲ್ಲಿ, ಖುದ್ದಾಗಿ ಬಂದಿದ್ದಾರೆ. ಅವರ ಮಾತನ್ನು ಕೇಳಬೇಕು" ಎಂದರು.

ನ್ಯಾಯಾಧೀಶೆ ನನ್ನ ಮಗಳ ಓರಗೆಯವರು. "ಹೇಳಿ ಅಮ್ಮ" ಎಂದರು.

ಮುಂದಿನ ಸಲ ಖಂಡಿತ ಬರ್ತಾನೆ. ಬಾಯಿಪಾಠವಾಗಿತ್ತು. ಆದರೆ ಹೊರಗೆ ಬಂದದ್ದು ಬೇರೆ.

"ನನಗೆ ನಿಲ್ಲೋಕಾಗಲ್ಲ."

"ಅಯ್ಯೋ, ಅವರಿಗೊಂದು ಕುರ್ಚಿ ಕೊಡ್ರಪ್ಪ" ಎಂದರು ನ್ಯಾಯಾಧೀಶೆ.

ಜವಾನ ಓಡಿಹೋಗಿ ಕುರ್ಚಿ ತಂದ. ತನ್ನ ಕರವಸ್ತ್ರದಿಂದ ಅದರ ಧೂಳು ಒರೆಸಿದ. "ನಿಧಾನ ಅಜ್ಜಿ" ಎಂದು ಮೊಣಕೈ ಹಿಡಿದು ಕೂರಿಸಿದ.

ಇದನ್ನು ಬರೆಯುವುದು ಕಷ್ಟ. ನಾನು ಕೂತೆ. ಅವರು ತಪ್ಪು ತಿಳಿದಿದ್ದಾರೆಂದು ಗೊತ್ತಿದ್ದೂ ಕೂತೆ. ಆ ತಪ್ಪು ನನಗೆ ಹಾಯೆನಿಸಿತು. ಹೀಗೇ ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮನೆಗೆ ಹೋಗಬಹುದು.

ವಕೀಲರು ಸಿಕ್ಕ ಅವಕಾಶವನ್ನು ಬಿಡಲಿಲ್ಲ. "ನೋಡಿ, ಮಂಡಿ ನೋವು ವಂಶದಲ್ಲೇ ಇದೆ" ಎಂದರು. ಕೋಣೆಯಲ್ಲಿ ಸಣ್ಣ ನಗು ಹರಿಯಿತು. ಜವಾನನೂ ನಕ್ಕ. ಹಿಂದಿನ ಸಾಲಿನಲ್ಲಿ ಆ ಹುಡುಗಿ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು.

ನಾನು ಕುರ್ಚಿಯ ತೋಳು ಹಿಡಿದು ಎದ್ದೆ.

"ಕೂತೇ ಹೇಳಿ ಅಮ್ಮ, ಪರವಾಗಿಲ್ಲ."

"ಇಲ್ಲ ತಾಯಿ. ನಾನು ಹೇಳಿದ್ದು ಕಾಲಿನ ವಿಷಯ ಅಲ್ಲ. ಅವನಿಗೆ ಜಾಮೀನು ನಿಲ್ಲೋಕಾಗಲ್ಲ ಅಂದೆ."

ನಗು ನಿಂತಿತು. "ಅಮ್ಮ!" ಎಂದಳು ಮಗಳು ಹಿಂದಿನಿಂದ.

"ಯಾಕೆ?" ಎಂದರು ನ್ಯಾಯಾಧೀಶೆ.

"ಕರೆದಾಗ ಬರ್ತಾನೆ ಅಂತ ಮಾತು ಕೊಟ್ಟು ನಿಂತೆ. ಅವನು ಬರಲಿಲ್ಲ. ತಪ್ಪು ಮಾಡಿದಾನೋ ಇಲ್ವೋ ನನಗೆ ಗೊತ್ತಿಲ್ಲ ತಾಯಿ. ಅದು ಇಲ್ಲಿ ಗೊತ್ತಾಗಬೇಕು. ಅವನು ಇಲ್ಲಿಗೇ ಬರದೆ ಹೇಗೆ ಗೊತ್ತಾಗತ್ತೆ? ಮಂಡಿ ನೋವು ನಂದು, ಅವನದ್ದಲ್ಲ. ನಿನ್ನೆ ಅವನು ಆಡಿದ್ದನ್ನ ಟಿವೀಲಿ ನೋಡಿದೆ." ವಕೀಲರ ಹೆಸರು ನಾನು ಎತ್ತಲಿಲ್ಲ. ಪಾಪ, ಅವರು ಆಗಲೇ ಕಾಗದಗಳಲ್ಲಿ ಮುಖ ಮುಚ್ಚಿಕೊಂಡಿದ್ದರು.

ಹೀಗೆ ಮಾಡಿದರೆ ಏನಾಗುತ್ತದೆಂದು ಗೊತ್ತೇ ಎಂದು ನ್ಯಾಯಾಧೀಶೆ ನಿಧಾನವಾಗಿ ವಿವರಿಸಿದರು. ಹೊರಗೆ ಆಡಲು ಕೊಟ್ಟ ಅನುಮತಿ ರದ್ದಾಗುತ್ತದೆ. ಅವನು ತಾನೇ ಬಂದು ಕೋರ್ಟಿನ ಮುಂದೆ ನಿಲ್ಲಬೇಕು. ಬಾರದಿದ್ದರೆ ಹಿಡಿದು ತರಲು ವಾರಂಟು. ಗೊತ್ತು ಎಂದೆ. ಗೊತ್ತು ಎನ್ನುವಾಗ ಕಣ್ಣಿಗೆ ಕಂಡದ್ದು ಹಿತ್ತಲಿನ ಎರಡು ಕಂಬ.

ಹೊರಗೆ ಬಂದಾಗ ವಕೀಲರು, "ಚೆಂಡನ್ನ ನಮ್ಮ ಗೋಲಿಗೇ ಹೊಡೆದ್ರಲ್ಲ ಅಜ್ಜಿ" ಎಂದು ಹೇಳಿ ಹೋದರು. ಹುಡುಗಿ ನಮ್ಮನ್ನು ದಾಟಿ ಮೆಟ್ಟಿಲ ಕಡೆ ನಡೆದಳು. ಅವಳು ಏನಾದರೂ ಹೇಳಲಿ ಎಂದು ನಾನು ಕಾದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಬೆಂಚಿನ ಮೂಲೆಗೆ ಬದಲಾಗಿ ನಾನು ಕೊಟ್ಟದ್ದು, ಎಷ್ಟೋ ಹಿಂದೆಯೇ ಕೊಡಬೇಕಾಗಿದ್ದ ಒಂದು ಮಾತು. ಅದಕ್ಕೆ ಕೃತಜ್ಞತೆ ಬೇರೆ ಬೇಕೇ ನನಗೆ?

ಬಸ್ಸಿನಲ್ಲಿ ಮಗಳು ಬೇರೆ ಸೀಟಿನಲ್ಲಿ ಕೂತಳು.

ಸಂಜೆ ಅವನ ಫೋನು ಬಂತು. "ನೀನೂನಾ ಅಜ್ಜಿ?" ಎಂದ. ಸ್ವರ ಹೈಸ್ಕೂಲಿನ ಹುಡುಗನದಾಗಿತ್ತು. "ಇಲ್ಲಿ ಕ್ಲಬ್ಬಿನೋರಿಗೆ ಏನಂತ ಹೇಳಲಿ?"

"ಊರಿಗೆ ಹೋಗಬೇಕು ಅಂತ ಹೇಳು."

"ಹೋದ್ರೆ ಮತ್ತೆ ಆಡ್ತೀನೋ ಇಲ್ವೋ."

"ಗೊತ್ತಿಲ್ಲ ಮಗು."

"ನನ್ನ ಪರವಾಗಿ ನಿಲ್ಲೋರು ಇನ್ನು ಯಾರೂ ಇಲ್ಲ ಹಾಗಾದ್ರೆ."

"ನೀನೇ ಬಂದು ನಿಲ್ಲು. ನಾನು ಅಲ್ಲಿ ಬೆಂಚಿನ ಮೇಲೆ ಕೂತಿರ್ತೀನಿ, ಎಷ್ಟು ದಿನ ಆದರೂ. ಕಾಲು ಅಲ್ಲಾಡೋ ಒಂದು ತುದಿ ಇದೆ, ಅಲ್ಲಿ."

ಅವನಿಗೆ ಅರ್ಥವಾಗಲಿಲ್ಲ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಫೋನು ಇಟ್ಟ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಅತ್ತಿದ್ದಳು. ಹತ್ತಿರ ಬಂದು ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದುಕೊಂಡಳು. ಮಸುಕಾದ ಬೆಳಕಿನಲ್ಲಿ ಅವಳ ಕೈ ಕಡ್ಡಿಯನ್ನು ಬಗ್ಗಿಸುವುದು ಕಾಣಿಸಿತು. ಮತ್ತೆ ಹಾಕಲು ಎರಡು ಸಲ ಪ್ರಯತ್ನಿಸಿದಳು. ಕನ್ನಡಕ ವಾರೆಯಾಗಿಯೇ ಕೂತಿತು. ನಾನು ಅದನ್ನು ಹಾಗೆಯೇ ಬಿಟ್ಟೆ.